ಮಾವನ ಎರಡು ಸಾಲು

ನಮ್ಮ ಸೋದರಮಾವನ ಪ್ರಕಾರ ಚಿತ್ರದುರ್ಗದಲ್ಲಿ ಅಸಲಿ ದುರ್ಗದವರು ಇಬ್ಬರೇ. ಒಬ್ಬರು ಅವರು, ಇನ್ನೊಂದು ಬೆಟ್ಟದ ಬಂಡೆ! ಬಂಡೆಯ ಮೇಲೂ ಅವರಿಗೆ ಸ್ವಲ್ಪ ಅನುಮಾನವಿತ್ತೆಂದು ನನ್ನ ಗುಮಾನಿ. ಮಿಕ್ಕವರೆಲ್ಲ ‘ಬಂದೋರು’.

ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯವನಾದ ನನಗೆ ದುರ್ಗದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಇಳಿದುಕೊಂಡೆ. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ. “ಲೇ ಹೊಳಲ್ಕೆರೆ, ಉಣ್ಣಾಕೆ ಬಾ!”

“ನಮ್ಮವ್ವ ದುರ್ಗದೋಳಲ್ವಾ ಮಾವ?”

“ಲಗ್ನ ಆಗಿ ಹೋದ್ಲಲ್ಲ, ಅವಳೂ ಹೊಳಲ್ಕೆರೆಯೋಳೇ.”

ಸರಿ, ಹಾಗಾದರೆ ಲಗ್ನವಾಗಿ ಬಂದ ಅತ್ತೆ ದುರ್ಗದವಳಾಗಬೇಕಲ್ಲ? ಎಲ್ಲಿಯ ಮಾತು! ತಲೆ ನರೆತರೂ ಆಕೆ ಹೊಸದುರ್ಗದವಳೇ. ಸಾರಿಗೆ ಉಪ್ಪು ಹೆಚ್ಚಾದರೆ, “ಬಂದೋರ ಕೈ” ಎನ್ನುತ್ತಿದ್ದರು. “ಹಂಗಾರೆ ನಿಮ್ಮ ಬಂಡೆ ನೆಕ್ರಿ” ಎಂದು ಅತ್ತೆ ತಟ್ಟೆ ಎಳೆಯುತ್ತಿದ್ದಳು. ಮಾವ ತಟ್ಟೆ ಬಿಟ್ಟರೆ ತಾನೇ!

ಪಕ್ಕದ ಮನೆಯವರು ರಾಯದುರ್ಗದ ಕಡೆಯಿಂದ ಬಂದು, ಕಡಲೇಕಾಯಿ ಎಣ್ಣೆ ಅಂಗಡಿ ಇಟ್ಟು, ಇಲ್ಲೇ ಮಕ್ಕಳ ಮದುವೆ ಮಾಡಿದವರು. ಸಂಜೆಯಾದರೆ ನಮ್ಮ ಜಗಲಿಯಲ್ಲಿ ಅವರದೂ ಮಾವನದೂ ಆಡು-ಹುಲಿ ಆಟ. ಮಾವನದು ಯಾವಾಗಲೂ ಹುಲಿ. “ಒಂದ್ಸಲನಾದ್ರೂ ನಾನು ಹುಲಿ ಆಗ್ತೀನಣ್ಣಾ.” “ಬಂದೋನು ನೀನು, ಆಡು ಹಿಡ್ಕಳಲೇ!” ಆದರೂ ಅವರು ಒಂದು ಸಂಜೆ ತಡವಾದರೆ ಮಾವ ಹತ್ತು ಸಲ ಬೀದಿಗೆ ಇಣುಕುತ್ತಿದ್ದರು. ಇಂಥ ಸ್ನೇಹಕ್ಕೆ ಏನು ಹೇಳೋಣ!

ಒಂದು ಬೇಸಿಗೆ ನೀರಿಗೆ ಹಾಹಾಕಾರವಾಯಿತು. ಬೀದಿಗೆಲ್ಲ ಇದ್ದದ್ದು ಒಂದೇ ಬಾವಿ. ಮೊದಲು ಊರಿನವರು, ಆಮೇಲೆ ಬಂದವರು ಸೇದಬೇಕೆಂದು ಬೀದಿಯವರು ತೀರ್ಮಾನಿಸಿದರು. ಯಾರು ಊರಿನವರು? ಅದನ್ನು ಹೇಳಲು ನಮ್ಮ ಮಾವನನ್ನು ಬಿಟ್ಟರೆ ಇನ್ಯಾರಿದ್ದಾರೆ! ಮಾವ ಬಾವಿಕಟ್ಟೆಯ ಮೇಲೆ ನಿಂತು ಸಾಲು ಮಾಡಿಸಿದರು. ಅತ್ತೆ ನಿಂತ ನಿಲುವಿನಲ್ಲಿ ದುರ್ಗದವಳಾಗಿಬಿಟ್ಟಳು. ಕೊಡ ಹಿಡಿದ ನಾನೂ ಆದೆ!

ಅಷ್ಟರಲ್ಲಿ ಎಣ್ಣೆ ಅಂಗಡಿಯವರು ಬಂದರು. ಹಿಂದಿನ ವರ್ಷ ಅದೇ ಬಾವಿಯ ಹೂಳೆತ್ತಲು ಮೊದಲು ಇಳಿದವರು ಅವರೇ. “ಅಣ್ಣಾ, ನಾನು ಯಾವ ಸಾಲು?” ಎಂದು ನಗುತ್ತಲೇ ಕೇಳಿದರು. ಬೀದಿಯೆಲ್ಲ ಮಾವನ ಮುಖ ನೋಡುತ್ತಿತ್ತು.

“ಹಿಂದಕ್ಕೆ ನಿಂತ್ಕೋ” ಎಂದರು ಮಾವ.

ಅವರು ನಿಂತರು. ಅವರ ಸರದಿ ಬರುವಷ್ಟರಲ್ಲಿ ಕೊಡದಲ್ಲಿ ಬರೀ ಕೆಸರು ಬಂತು. ಆ ಸಂಜೆ ಅವರು ಜಗಲಿಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮಳೆ ಬೀಳುವ ಮೊದಲೇ ಮನೆ ಮಾರಿ ಹಿರಿಯೂರಿಗೆ ಹೋಗಿಬಿಟ್ಟರು. “ಬಂದೋರು ಹೋಗದೆ ಏನ್ಮಾಡ್ತಾರೆ” ಎಂದ ಮಾವ ಅಂದು ಉಣ್ಣಲಿಲ್ಲ. ಒಂದು ಮಾತಿನಿಂದ ಎಂಥ ಸ್ನೇಹ ಹಾಳಾಯಿತೆಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ದೀಪಾವಳಿ ಕಳೆದ ಮೇಲೆ ಮಾವ, “ನಡಿಯಲೇ, ಹಿರಿಯೂರಿಗೆ ಹೋಗಾಣ” ಎಂದು ನನ್ನನ್ನು ಬಸ್ಸು ಹತ್ತಿಸಿದರು. ಎಣ್ಣೆ ಅಂಗಡಿಯವರು ಬಾಗಿಲಿಗೇ ಬಂದು, “ಬರ್ರಿ ಅಣ್ಣಾ, ಕುಂತ್ಕಳ್ರಿ” ಎಂದು ಬೆಲ್ಲ, ಚೊಂಬಿನ ತುಂಬ ನೀರು ತಂದಿಟ್ಟರು.

“ಮೊದ್ಲು ನೀನು ಕುಡಿಯಪ್ಪ. ನಾನು ಆಮ್ಯಾಲೆ.”

“ಉಂಟೇನಣ್ಣಾ! ನಮ್ಮನೆಗೆ ಬಂದಿದೀರಿ, ನೀವೇ ಮೊದ್ಲು ಕುಡೀಬೇಕು.”

ಮಾವ ಚೊಂಬು ಎತ್ತಿಕೊಂಡರು. “ದುರ್ಗಕ್ಕೆ ವಾಪಸ್ ಬಂದ್ಬಿಡೋ.”

“ಬ್ಯಾರೆ ಯಾರಾದ್ರೂ ಹಿಂದಕ್ಕೆ ನಿಲ್ಸಿದ್ರೆ ನಗ್ತಾ ನಿಲ್ತಿದ್ದೆ ಅಣ್ಣಾ. ನಿಲ್ಸಿದ್ದು ನೀವು.”

ಮಾವ ಚೊಂಬು ಬಾಯಿಗೆತ್ತಲು ಹೋಗಿ ನೀರೆಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡರು. ಎಣ್ಣೆ ಅಂಗಡಿಯವರು ಹೆಗಲ ಮೇಲಿನ ಟವಲು ತೆಗೆದು ಒರೆಸತೊಡಗಿದರು.