ವರನ ಕಿವಿ ಹಿಂಡಿದ ಪ್ರೇಮಿ

ಪ್ರೇಮದ ವಿಷಯದಲ್ಲಿ ನಾನು ಬಲು ಜಾಣನೆಂಬ ನಂಬಿಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗಿತ್ತು. ಜತ್ತ ಸಂಸ್ಥಾನ ಆಗಷ್ಟೇ ವಿಲೀನವಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ನನ್ನ ನಾಲಿಗೆಗೆ ಮಾತ್ರ ಬಂದಿರಲಿಲ್ಲ! ನಮ್ಮ ಬೆಳುಂಕಿಯಲ್ಲಿ ಪಕ್ಕದ ಓಣಿಯ ಗಂಗವ್ವನನ್ನು ಕಂಡರೆ ಸಾಕು, ನನ್ನ ಬಾಯಿ ಒಣಗುತ್ತಿತ್ತು. ಆದ್ದರಿಂದ ಮೊದಲು ಅವಳ ತಂದೆಯ ಮನಸ್ಸು ಗೆಲ್ಲುವುದು, ಆಮೇಲೆ ಅವಳನ್ನು ಕೇಳುವುದು ಎಂಬ ಘನವಾದ ಯೋಜನೆ ಹಾಕಿದೆ.

ಅವಳ ತಂದೆ ಶಿವಲಿಂಗಪ್ಪನವರಿಗೆ ಗಂಡುಮಕ್ಕಳಿರಲಿಲ್ಲ, ಹೊಲದಲ್ಲಿ ಒಬ್ಬರೇ ದುಡಿಯುತ್ತಿದ್ದರು. ಒಂದು ದಿನ ಅವರ ಜೋಳದ ಚೀಲಕ್ಕೆ ಹೆಗಲು ಕೊಟ್ಟು, "ಬಿಡ್ರಿ ಕಾಕಾ, ನಾ ಹೊರತೀನಿ" ಎಂದೆ. ಅಲ್ಲಿಗೇ ನನ್ನ ಕಥೆ ಮುಗಿದಿತ್ತು! ಮಾವಾ ಎಂದಿದ್ದರೆ ಮಗಳನ್ನು ಕೇಳುವ ದಾರಿಯಾದರೂ ಉಳಿಯುತ್ತಿತ್ತು. ಕಾಕಾ ಎಂದರೆ ಚಿಕ್ಕಪ್ಪ, ಅವನ ಮಗಳು ನಮ್ಮಲ್ಲಿ ತಂಗಿ. ಇಷ್ಟು ತಿಳಿಯದ ಕೂಸು ನಮ್ಮ ತಾಲೂಕಿನಲ್ಲಿಲ್ಲ. ನನಗೇ ಆ ಹೊತ್ತಿಗೆ ಹೊಳೆಯಲಿಲ್ಲ.

ಚೀಲ ಹೊತ್ತೆ, ನೀರು ಸೇದಿದೆ, ಎಮ್ಮೆಯ ಮೈ ತೊಳೆದೆ. ಸುಗ್ಗಿ ಮುಗಿಯುವಷ್ಟರಲ್ಲಿ ಕಾಕಾ ಊರ ಮಂದಿಯ ಮುಂದೆ, "ಇಂವ ನನ್ನ ಮಗಾನ ನೋಡ್ರಿ" ಎಂದು ಸಾರಿಬಿಟ್ಟರು. ಗಂಗವ್ವ ನಕ್ಕು, "ಅಣ್ಣಾ, ಕೈಕಾಲ ತೊಳಕೊ, ಊಟಕ್ಕ ಕುಂದ್ರು" ಎಂದಳು. ನಾನು ತೆಪ್ಪಗೆ ಕುಳಿತು ಉಂಡೆ.

ಅಷ್ಟರಲ್ಲಿ ಬಿಳೂರಿನ ಒಂದು ಸಂಬಂಧ ಬಂತು. "ಅಣ್ಣ ಅನ್ನಾಂವ ನೀನ ಹೋಗಿ ವರನ್ನ ನೋಡಿ ಬಾರಪಾ" ಎಂದರು ಕಾಕಾ. ತಪ್ಪು ಹುಡುಕಲೆಂದೇ ಹೋದೆ. ಹಾಳಾದವನಲ್ಲಿ ಒಂದೂ ಸಿಗಲಿಲ್ಲ! ಆದರೂ ಮುಖ ಸಣ್ಣ ಮಾಡಿಕೊಂಡು ಬಂದು ವರದಿ ಒಪ್ಪಿಸಿದೆ.

"ಹುಡುಗ ಭಾಳ ಮೆತ್ತಗ ಅದಾನ್ರಿ ಕಾಕಾ."

"ಚಲೋ ಆತು. ಬೈಯೂದಿಲ್ಲ, ಬಡಿಯೂದಿಲ್ಲ."

"ಮಾತ ಆಡೂದಿಲ್ರಿ."

"ನಮ್ಮ ಗಂಗಾ ಇಬ್ಬರದೂ ಆಡ್ತಾಳ ತಗೋ!"

"ತಾಯಿ ಹೇಳಿದಂಗ ಕೇಳ್ತಾನ್ರಿ."

"ಕೇಳೂ ಕಿವಿ ಅದಾವಲ್ಲ, ನಾಳೆ ಹೆಂಡ್ತಿ ಮಾತೂ ಕೇಳ್ತಾನ. ಭಾಳ ಉಪಕಾರ ಮಾಡಿದಿ ಮಗಾ!"

ಲಗ್ನ ನಿಶ್ಚಯವಾಯಿತು. ನನ್ನ ದಿವ್ಯ ಹಸ್ತದಿಂದಲೇ!

ಲಗ್ನದಲ್ಲಿ ಕನ್ಯೆಯ ಅಣ್ಣ ವರನ ಕಿವಿ ಹಿಂಡುವುದು ನಮ್ಮ ಕಡೆಯ ಪದ್ಧತಿ. ತಂಗಿಯನ್ನು ಚೆನ್ನಾಗಿ ನೋಡಿಕೋ ಎಂಬ ಎಚ್ಚರಿಕೆ ಅದು. ನನ್ನ ಸಮಸ್ತ ಪ್ರೇಮವನ್ನೂ ಆ ಒಂದು ಕಿವಿಯ ಮೇಲೆ ಪ್ರಯೋಗಿಸಿದೆ. ಮಾತೇ ಆಡದ ಹುಡುಗ "ಅಯ್ಯಯ್ಯೋ, ಸತ್ನೆಪಾ!" ಎಂದು ಚೀರಿದ. ನೆರೆದ ಮಂದಿ, "ತಂಗಿ ಮ್ಯಾಲ ಎಷ್ಟ ಜೀವ ಅದ ನೋಡ್ರಿ" ಎಂದು ಕಣ್ಣೊರೆಸಿಕೊಂಡರು.

ಬಂಡಿ ಹತ್ತುವಾಗ ಗಂಗವ್ವ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. "ನಾಗರ ಪಂಚಮಿಗಿ ತವರಿಗಿ ಕರಿಯಾಕ ಬಾ ಅಣ್ಣಾ. ನನಗ ಬ್ಯಾರೆ ಯಾರದಾರ?" ಎಂದಳು. ನಾನು ತಲೆಯಾಡಿಸಿದೆ. ಬೇರೇನು ಮಾಡಲಿ?

ಆಮೇಲೆ ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಅವ್ವ ದೃಷ್ಟಿ ತೆಗೆದಳು, ಕಷಾಯ ಕುಡಿಸಿದಳು. ಕೊನೆಗೆ ಹತ್ತಿರ ಕೂತು, "ಗಂಗವ್ವನ ಸಲುವಾಗಿ ಏನೋ?" ಎಂದಳು. ನಾನು ಗಳಗಳನೆ ಅತ್ತುಬಿಟ್ಟೆ. "ಮೊದಲ ಹೇಳಬಾರದೇನೋ ಹುಚ್ಚಾ, ನಾ ಹೋಗಿ ಕೇಳತಿದ್ನಲ್ಲೋ" ಎಂದು ಅವಳೂ ಅತ್ತಳು. ಎದೆ ತುಸು ಹಗುರಾಯಿತು.

ಪಂಚಮಿ ಬಂತು. ನಾನು ಹೋಗುವುದಿಲ್ಲ ಎಂದೆ.

"ಆ ಹುಡುಗಿ ದಾರಿ ನೋಡ್ತಿರ್ತಾಳ. ನಿನ್ನ ದುಃಖಕ್ಕ ಆಕೀ ಏನ ಮಾಡ್ಯಾಳ? ಮಾರಿ ತೊಳಕೊ, ಹೋಗಿ ಬಾ" ಎಂದಳು ಅವ್ವ.

ಹೋದೆ. ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಒಳಗೆ ತಿರುಗಿ, "ಅತ್ತಿ, ನಾ ಹೇಳಿದ್ನಿಲ್ಲ? ನಮ್ಮಣ್ಣ ಬಂದಾ!" ಎಂದು ಕೂಗಿದಳು. ನನ್ನನ್ನು ಕಂಡು ಯಾರೂ ಅಷ್ಟು ಸಂತೋಷಪಟ್ಟಿದ್ದು ನನಗೆ ನೆನಪಿಲ್ಲ. ಕೈಗೆ ಶೇಂಗಾ ಉಂಡಿ ಕೊಟ್ಟು, "ಮೊದಲ ತಿನ್ನು, ಎಷ್ಟ ಸೊರಗಿದಿ" ಎಂದಳು.

ಇಷ್ಟು ದಿನ ಬಾಯೊಳಗೇ ಇಟ್ಟುಕೊಂಡಿದ್ದ ಮಾತನ್ನು ಉಂಡಿಯ ಜೊತೆಗೆ ನುಂಗಿದೆ. ಉಂಡಿ ಚೆನ್ನಾಗಿತ್ತು. ನಾಚಿಕೆಯಿಲ್ಲದೆ ಇನ್ನೊಂದು ಕೇಳಿದೆ!