ಕಾದಂಬರಿಯಲ್ಲಿಲ್ಲದ ಕುದುರೆ

ಕಾಚಿಗೂಡದ ನಮ್ಮ ಮಾವನವರ ಮನೆಯಲ್ಲಿ ಒಂದಿಲ್ಲೊಂದು ಫಜೀತಿ ನಡೆದೇ ಇರುತ್ತದೆ. ನನ್ನ ಪಾಲಿನದು ಅವರು ಮಾವನವರಾಗುವ ಮೊದಲೇ ಶುರುವಾಯಿತು.

೧. ವರಪರೀಕ್ಷೆ

ಕನ್ಯಾ ನೋಡಲು ಹೋಗಿದ್ದೆ. ಹುಡುಗಿ ಮಂಡಕ್ಕಿಯ ಸೂಸಲ ತಂದಿಟ್ಟು, ಒಮ್ಮೆ ನನ್ನನ್ನು ನೋಡಿ ಒಳಗೆ ಹೋದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ನಿರ್ಧರಿಸಿಬಿಟ್ಟೆ. ಆದರೆ ಅವಳ ತಂದೆ ನಿವೃತ್ತ ಇಂಗ್ಲಿಷ್ ಮಾಸ್ತರರು. ಬೇರೆ ಮನೆಗಳಲ್ಲಿ ಹುಡುಗಿಗೆ ಹಾಡು ಅನ್ನುತ್ತಾರೆ, ಇವರು ವರನಿಗೇ ಪ್ರಶ್ನೆ ಹಾಕುತ್ತಿದ್ದರು. ತಾವು ಜೀವನವಿಡೀ ಪಾಠ ಮಾಡಿದ್ದ, ಕಡಲ್ಗಳ್ಳರ ಕತ್ತಿವರಸೆಯ ಕಾದಂಬರಿಯೊಂದನ್ನು ಮುಂದೆ ಇಟ್ಟರು. ದಿಂಬಿನಷ್ಟು ದಪ್ಪ ಇತ್ತು.

"ಓದೀರೇನು?"

"ಭಾಳ ಸಲ ಓದೇನ್ರಿ," ಎಂದೆ, ಅದರ ಒಂದು ಪುಟವನ್ನೂ ತಿರುವಿರದಿದ್ದರೂ.

"ಹಂಗಾದ್ರ ರವಿವಾರ ಬಂದು ಕಥಿ ಹೇಳ್ರಿ. ಆಮ್ಯಾಲೆ ಲಗ್ನದ ಮಾತು. ಸಿಕಂದರಾಬಾದಿನಾಗ ಇದರ ಸಿನಿಮಾ ಬಂದೈತಿ, ಪೂರಾ ಕೆಡಿಸ್ಯಾರಂತ. ನಾ ಆ ಟಾಕೀಜಿನ ಕಡೆ ಹೊಳ್ಳಿ ಸುದ್ದಾ ನೋಡಿಲ್ಲ."

ಸಿನಿಮಾ ಬಂದಿರುವ ಸುದ್ದಿ ನನಗೆ ಸಿಕ್ಕಿದ್ದೇ ಹಾಗೆ.

೨. ಮಾರ್ನಿಂಗ್ ಶೋ

ಮರುದಿನವೇ ಹೋಗಿ ಕುಳಿತೆ. ನಾಯಕ ಒಂದು ಕೈಯಲ್ಲಿ ಕತ್ತಿ ಬೀಸುತ್ತ ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ನಡುವೆ, ಹಡಗಿನ ಮೇಲೆ ಇದ್ದಕ್ಕಿದ್ದಂತೆ ಕುದುರೆಗಳು ಓಡತೊಡಗಿದವು. ಪಕ್ಕದಲ್ಲಿದ್ದವನು ತನ್ನ ಗೆಳೆಯನನ್ನು, "ಸಮಂದರ್ ಮೇ ಘೋಡಾ ಕಾಯ್ಕು?" ಎಂದು, ಸಮುದ್ರದಲ್ಲಿ ಕುದುರೆ ಯಾಕೆಂದು, ಕೇಳಿದ.

"ಪೈಸಾ ವಸೂಲ್ ಹೋರಾ ನಾ ಮಿಯಾಂ, ಚುಪ್ ಬೈಠೋ."

ನಾನೂ ಸುಮ್ಮನೆ ಕುಳಿತೆ.

೩. ರವಿವಾರ

ಕಥೆ ಸೊಗಸಾಗಿಯೇ ಸಾಗಿತ್ತು. "ಆಗ ನಾಯಕ ಬಿಳೀ ಕುದರಿ ಹತ್ತಿ ವೈರಿ ಹಡಗಿಗೆ ಹಾರತಾನ್ರಿ," ಎಂದೆ. ಮಾಸ್ತರರ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ಕಾದಂಬರ್ಯಾಗ ಒಂದೂ ಕುದರಿ ಇಲ್ಲ."

ನನ್ನ ಲಗ್ನ ಸಮುದ್ರ ಸೇರಿತು ಅಂದುಕೊಂಡೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಹುಡುಗಿ ಅಂದಳು: "ಅಪ್ಪಾ, ಸಿನಿಮಾದಾಗ ಐತಿ."

"ನೀ ಯಾವಾಗ ನೋಡಿದಿ?"

ಅಡುಗೆಮನೆಯಿಂದ ಅವಳ ತಾಯಿ, "ನಾನೇ ಕರಕೊಂಡು ಹೋಗಿದ್ದೆ. ಭಜನಾಕ್ಕ ಹೊಂಟೇವಿ ಅಂದಿದ್ದಿವಲ್ಲ, ಅವತ್ತ," ಎಂದರು.

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. "ಸುಳ್ಳು ಹೇಳಿ ಹೋಗತೀರಿ, ಹೋದ ಮ್ಯಾಲೆ ನೆಟ್ಟಗ ನೋಡಾಕೂ ಬರೂದಿಲ್ಲ. ನಾಯಕನ ಕುದರಿ ಕರೀದು. ಬಿಳೀದು ವೈರೀದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಾಯಿ ಸೌಟು ಹಿಡಿದೇ ಹೊರಗೆ ಬಂದರು.

"ನೀವು ಯಾವಾಗ ನೋಡಿದ್ರಿ?"

ಮಾಸ್ತರರು ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಲಗ್ನ ಯಾವ ತಿಂಗಳಾಗ ಇಟಗೊಳ್ಳೋಣ್ರಿ, ಅಳಿಯಂದ್ರ?"