ಬೆಣ್ಣೆ ತಿಂದ ಸ್ಟೀರಿಂಗ್

ನಮ್ಮ ಮನೆತನದಲ್ಲಿ ಒಬ್ಬ ಬಿ.ಎಸ್ಸಿ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ರಾಜಘಟ್ಟದ ಪಟೇಲರು ಹೇಳಿದ್ದರು. ಬೆನ್ನ ಹಿಂದೆ ಹೇಳಿದ್ದರೆ ಸುಮ್ಮನಿರಬಹುದಿತ್ತು. ನಾನು ಬೆಂಗಳೂರಿನ ಕಾಲೇಜಿಗೆ ಹೊರಟ ದಿನ, ನನ್ನ ಎದುರಿಗೇ ಹೇಳಿದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಒಂದು ಸಲ ಗಣಿತದಲ್ಲಿ, ಇನ್ನೊಂದು ಸಲ ಇಂಗ್ಲಿಷಿನಲ್ಲಿ ಪಟೇಲರ ಮಾತನ್ನು ಉಳಿಸಿಕೊಟ್ಟೆ. ಮೂರನೆಯ ಸಲ ಅವರಿಗೆ ದ್ರೋಹ ಮಾಡಿಬಿಟ್ಟೆ. ಇಷ್ಟು ಬೆವರು ಸುರಿಸಿ ಪಡೆದ ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ಕೂರುವುದು ಯಾರಿಂದಾದೀತು? ಊರಲ್ಲಿ ಗಡಿಯಾರ ನಿಂತರೆ, ಬಾವಿಯ ರಾಟೆ ಕಿರುಗುಟ್ಟಿದರೆ, ಕೊನೆಗೆ ಎಮ್ಮೆ ಹಾಲು ಕಡಿಮೆ ಕೊಟ್ಟರೂ ನಾನು ಕರೆಯದೆ ಹೋಗಿ ಬಾಯಿ ಹಾಕುತ್ತಿದ್ದೆ. ಹಾಗೆ ಬಾಯಿ ಹಾಕಿ ಸಿಕ್ಕಿಬಿದ್ದದ್ದು ಮುನಿಯಪ್ಪ ಮಾವನ ಕಾರಿನ ಸ್ಟೀರಿಂಗಿನಲ್ಲಿ.

ಮುನಿಯಪ್ಪ ಮಾವ ನನ್ನ ತಾಯಿಯ ಅಣ್ಣ. ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು; ನಾನಿದ್ದದ್ದೂ ಅವರ ಮನೆಯಲ್ಲೇ. ಊರು ಬಿಟ್ಟು ಸೀಮೆಗೆ ಹೊರಟ ಯಾವನೋ ಬಿಳಿ ದೊರೆಯಿಂದ ಕೊಂಡ ಆ ಕಾರಿಗೆ ಕ್ಯಾನ್ವಾಸಿನ ಚಾವಣಿ, ಎತ್ತಿನ ಗಾಡಿಯಂತೆ ಮರದ ಅರೆಕಾಲಿನ ಚಕ್ರಗಳು, ಬಾತುಕೋಳಿಯಂತೆ ಕೂಗುವ ರಬ್ಬರ್ ಉಂಡೆಯ ಹಾರನ್. ನನಗಿಂತ ನಾಲ್ಕು ವರ್ಷ ಚಿಕ್ಕದಾದರೂ ನನ್ನನ್ನು ಓದಿಸಿದ್ದು ಅದೇ. ಯುದ್ಧ ಬಂದು ಪೆಟ್ರೋಲು ಕೂಪನ್ನಿನ ಪಾಲಾದ ಮೇಲೂ ಮಾವ ಶಿವಗಂಗೆಗೆ ಹರಕೆಯವರನ್ನು ಕರೆದೊಯ್ಯುವುದನ್ನು ಬಿಟ್ಟಿರಲಿಲ್ಲ. ಆದರೆ ಆ ವರ್ಷ ಅದರ ಸ್ಟೀರಿಂಗು ಸಡಿಲವಾಯಿತು. ಮಾವ ಸ್ಟೀರಿಂಗ್ ಚಕ್ರ ತಿರುಗಿಸುವುದೆಂದರೆ ಸರ್ಕಾರಕ್ಕೆ ಅರ್ಜಿ ಹಾಕಿದಂತೆ. ಕಾಲು ಸುತ್ತು ತಿರುಗಿಸಿದ ಮೇಲೆ ಕಾರು ಆಲೋಚಿಸಿ, ಸ್ವಲ್ಪ ತಡೆದು ಮಂಜೂರು ಮಾಡುತ್ತಿತ್ತು. ನೆಟ್ಟಗಿನ ರಸ್ತೆಯಲ್ಲೂ ಮೇಯಲು ಬಿಟ್ಟ ಹಸುವಿನಂತೆ ಎರಡೂ ಪಕ್ಕ ಮೂಸುತ್ತಾ ಹೋಗುತ್ತಿತ್ತು. ಎದುರಿನ ಗಾಡಿಯವರು ಹಾರನ್ನಿಗೆ ಕಾಯದೆ ತಾವೇ ಹೊಲಕ್ಕೆ ಇಳಿಯುತ್ತಿದ್ದರು.

ಮುಂದಿನ ಸೋಮವಾರ ಮೋಟಾರು ತಪಾಸಣೆಯ ಸಾಹೇಬರು ಮುಸಾಫಿರ್ ಬಂಗಲೆಗೆ ಬರುವವರಿದ್ದರು. ಅವರು ಸರ್ಟಿಫಿಕೇಟು ಕೊಡದಿದ್ದರೆ ಕಾರು ಕೊಟ್ಟಿಗೆಗೆ, ಮಾವ ಜಗಲಿಗೆ. ಸ್ಟೀರಿಂಗು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಪಟೇಲರು ಬೇರೆ ಬಂದು, “ಏನಪ್ಪಾ ಮುನಿಯಪ್ಪ, ಈ ಗಾಡಿ ಪಾಸಾಗೋದುಂಟಾ?” ಎಂದು ಮಜ್ಜಿಗೆ ಕುಡಿದು ಹೋದರು. ನನ್ನ ಮೈಯೆಲ್ಲ ಉರಿಯಿತು. “ಮಾವ, ನೀವು ಸುಮ್ನಿರಿ. ನಾನು ನೋಡ್ಕೋತೀನಿ,” ಎಂದೆ. ಮಾವ ನನ್ನನ್ನು ನೋಡಿದ ಆ ನೋಟ! ಅಷ್ಟು ನಂಬಿಕೆಯಿಂದ ನಮ್ಮ ಪ್ರೊಫೆಸರು ಒಂದು ದಿನವೂ ನೋಡಿರಲಿಲ್ಲ.

ನಾನು ರೋಗ ಪತ್ತೆ ಮಾಡಿದ್ದು ನೆಲಕ್ಕೆ ಬಗ್ಗದೆ. ಪದವೀಧರ ಕಾರಿನ ಕೆಳಗೆ ಮಲಗುವುದೇ? ಜಗಲಿಯ ಮೇಲೆ ಸೀಮೆಸುಣ್ಣದಿಂದ ಹಲ್ಲುಚಕ್ರ, ಬಾಣ, ಕೋನಗಳನ್ನು ಬರೆದು, ತಪ್ಪೇನಿದ್ದರೂ ಸ್ಟೀರಿಂಗ್ ಕಂಬದ ಬುಡದ ಪೆಟ್ಟಿಗೆಯಲ್ಲೇ ಎಂದು ಸಾಧಿಸಿದೆ. ಅದರ ತಿರುಪನ್ನು ಹಲ್ಲು ಕಚ್ಚಿ ಬಿಗಿದೆ. ಆಮೇಲೆ ಕೆರೆ ಏರಿಯ ಕಡೆ ಹೊರಟೆವು. ತಿರುವಿನಲ್ಲಿ ಚಕ್ರ ಜಪ್ಪಯ್ಯ ಎನ್ನಲಿಲ್ಲ. ಮಾವ ಎಳೆದರು, ನಾನೂ ಕೈಜೋಡಿಸಿದೆ; ಇಬ್ಬರೂ ಸೇರಿ ನೇರವಾಗಿ ಯಾರದೋ ಹುಲ್ಲಿನ ಬಣವೆಯೊಳಕ್ಕೆ ನುಗ್ಗಿದೆವು. ಸಡಿಲವಾದದ್ದು ಹಾಗೇ ಸಡಿಲವಾಗಿತ್ತು. ಸರಿಯಾಗಿ ತಿರುಗುತ್ತಿದ್ದ ಭಾಗವನ್ನು ಮಾತ್ರ ನಾನು ಬಿಗಿದಿದ್ದೆ. ತಲೆಯ ಮೇಲಿನ ಹುಲ್ಲು ಕೊಡವಿಕೊಂಡು ಮಾವ ಮೆಲ್ಲಗೆ, “ಇರ್ಲಿ ಬಿಡು ಅಳಿಯಪ್ಪ, ನೀನೂ ಮೂರನೇ ಸಲಕ್ಕೇ ಅಲ್ವಾ ಪಾಸಾಗಿದ್ದು?” ಎಂದರು. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಇನ್ನೊಂದು ಚಿತ್ರ ಬರೆಯುತ್ತಿದ್ದಾಗ, ಅಂಗಳ ಗುಡಿಸುತ್ತಿದ್ದ ಮಾವನ ಹೆಂಡತಿ ಚೌಡಮ್ಮತ್ತೆ ಪೊರಕೆ ನಿಲ್ಲಿಸಿದರು.

“ಅಲ್ಲಾ ಕಣಪ್ಪ, ನಮ್ ಕೆಂಚ ದಿನಾ ಆ ಕಾರಿನ ಅಡೀಲಿ ಒಂದೇ ಜಾಗ ನೆಕ್ಕುತ್ತಲ್ಲ, ಅಲ್ಲೇನೈತೆ?”

ಕೆಂಚ ಮನೆಯ ನಾಯಿ. “ನಾಯಿಗೇನು ಗೊತ್ತತ್ತೆ ಸ್ಟೀರಿಂಗು?” ಎಂದೆ.

“ನಿಂಗೆ ಗೊತ್ತಿರೋದು ನಿನ್ನೆ ಬಣವೇಲಿ ನೋಡಿದ್ವಲ್ಲ. ಬಗ್ಗಿ ನೋಡು.”

ಅತ್ತೆಯೇ ಹತ್ತಿ ಕೂತು ಚಕ್ರವನ್ನು ರಾಗಿ ಕಲ್ಲಿನಂತೆ ಅತ್ತಿತ್ತ ಆಡಿಸಿದರು. ನಾನು ಬೆನ್ನ ಮೇಲೆ ಮಲಗಿ ಕೆಳಗೆ ತೆವಳಿದೆ. ಕೆಂಚ ಆಗಲೇ ಅಲ್ಲಿತ್ತು. ಸಹೋದ್ಯೋಗಿಯಂತೆ ಸ್ವಲ್ಪ ಸರಿದು ಜಾಗ ಕೊಟ್ಟಿತು. ನೋಡುತ್ತೇನೆ, ಪೆಟ್ಟಿಗೆಯ ತೋಳು ಸರಿಯಾಗಿಯೇ ಆಡುತ್ತಿದೆ. ಅಲ್ಲಿಂದ ಮುಂದಿನ ಗಾಲಿಗೆ ಹೋಗುವ ಕಂಬಿಯ ತುದಿಯಲ್ಲಿ, ಬಟ್ಟಲಿನೊಳಗೆ ಕೂರಬೇಕಾದ ಕಬ್ಬಿಣದ ಗುಂಡು ಟಕ್ ಟಕ್ ಎಂದು ಆ ಗೋಡೆಗೂ ಈ ಗೋಡೆಗೂ ಬಡಿಯುತ್ತಿದೆ. ಅದನ್ನು ಮುಚ್ಚಬೇಕಾದ ಚರ್ಮದ ಚೀಲವೇ ಇಲ್ಲ. ಒಳಗೆ ಮರಳು, ಜೊತೆಗೆ ಎಂಥದೋ ಹಳಸಿದ ವಾಸನೆ.

“ಮಾವ, ಇದಕ್ಕೆ ಏನು ಹಾಕ್ತಿದ್ರಿ?”

ಮಾವ ಕೆಮ್ಮಿದರು. “ಯುದ್ಧ ಶುರುವಾದ್ಮೇಲೆ ಗ್ರೀಸು ಎಲ್ಲಿ ಸಿಗುತ್ತಪ್ಪ? ಶಿವಗಂಗೆ ಬೆಣ್ಣೆ ಹಾಕ್ತಿದ್ದೆ.”

ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ. ಹರಕೆಯವರು ಆ ಪ್ರಸಾದವನ್ನು ಮಾವನಿಗೂ ಕೊಡುತ್ತಿದ್ದರು. ಅಷ್ಟು ದೂರ ತನ್ನನ್ನು ಹೊತ್ತು ತಂದ ಕಾರಿಗೆ ಪಾಲು ಕೊಡದೆ ತಿನ್ನಲು ಮಾವನಿಗೆ ಮನಸ್ಸು ಬಾರದು. “ದೇವ್ರ ಬೆಣ್ಣೆ ಕಣೋ, ನಿನ್ ಗ್ರೀಸಿಗಿಂತ ಕಡಿಮೇನಾ?” ಎಂದರು. ಬೆಣ್ಣೆ ಚರ್ಮಕ್ಕೆ ಇಳಿಯಿತು, ಕೆಂಚ ಚರ್ಮವನ್ನೇ ತಿಂದಿತು, ತೆರೆದ ಬಾಯಿಗೆ ರಸ್ತೆಯ ಮರಳು ಹೋಯಿತು, ಮರಳು ಬಟ್ಟಲನ್ನು ಸವೆಸಿತು, ಒಳಗಿನ ಸ್ಪ್ರಿಂಗು ಮುರಿಯಿತು. ನಮ್ಮಲ್ಲಿ ತಪ್ಪಿತಸ್ಥರೆಂದರೆ ಒಬ್ಬ ಭಕ್ತ, ಒಂದು ನಾಯಿ, ಮತ್ತು ಬಗ್ಗಲಾರದ ಒಬ್ಬ ಪದವೀಧರ.

ಆಮೇಲಿನದು ಕೈಕೆಲಸ. ಕಮ್ಮಾರ ಬಟ್ಟಲನ್ನು ತಿದ್ದಿ, ಮುರಿದ ಸ್ಪ್ರಿಂಗಿನ ಅಳತೆಗೆ ಇನ್ನೊಂದು ಸುತ್ತಿ ಕೊಟ್ಟ. ಚಪ್ಪಲಿ ಹೊಲಿಯುವವನು ಚರ್ಮದ ಚೀಲ ಹೊಲಿದ. ಹಿಟ್ಟಿನ ಗಿರಣಿಯವರಲ್ಲಿ ಕಾಡಿ ಬೇಡಿ ಒಂದು ಹಿಡಿ ಗ್ರೀಸು ತಂದೆ. ಬಟ್ಟಲಿನ ಬಾಯಿ ಮುಚ್ಚುವ ಬಿರಡೆಯನ್ನು ಪೂರ್ತಿ ಬಿಗಿದು, ಬಣವೆಯನ್ನು ನೆನೆದು ಅರ್ಧ ಸುತ್ತು ಸಡಿಲಿಸಿ, ಪಿನ್ನು ಹಾಕಿದೆ. ಪೆಟ್ಟಿಗೆಯ ತಿರುಪನ್ನು ಮೊದಲಿದ್ದಲ್ಲಿಗೆ ತಂದೆ. ಕೆಂಚನಿಗೆ ಪ್ರಸಾದವನ್ನು ಬೇರೆ ಬಟ್ಟಲಲ್ಲಿ ಇಡಲು ಶುರುಮಾಡಿದೆವು.

ಸೋಮವಾರ ಸಾಹೇಬರು ಸ್ಟೀರಿಂಗನ್ನು ಎರಡೇ ಬೆರಳಲ್ಲಿ ಆಡಿಸಿದರು. ಕಾರು ಅರ್ಜಿ ಕೇಳದೆ ತಿರುಗಿತು. “ಯಾರಯ್ಯಾ ರಿಪೇರಿ ಮಾಡಿದ್ದು?” ಎಂದರು. ಮಾವ ಎದೆಯುಬ್ಬಿಸಿ, “ನಮ್ ಅಳಿಯ ಸ್ವಾಮಿ. ಬಿಯೆಸ್ಸಿ!” ಎಂದರು. ನಾನು ಅತ್ತೆಯ ಹೆಸರನ್ನಾಗಲಿ ಕೆಂಚನ ಹೆಸರನ್ನಾಗಲಿ ಹೇಳಲಿಲ್ಲ, ಹೇಳಬೇಕಿತ್ತು.

ಬಂಗಲೆಯಿಂದ ಹೊರಟವರು ಬೇಕೆಂದೇ ರಾಜಘಟ್ಟದ ದಾರಿ ಹಿಡಿದು, ಪಟೇಲರ ಮನೆ ಮುಂದೆ ಮೂರು ಸಲ ಹಾರನ್ನು ಒತ್ತಿ, ಮನೆಗೆ ಬಂದೆವು. ಮಾವ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, ನನ್ನ ಪದವಿ ಪತ್ರವಿದ್ದ ಪೆಟ್ಟಿಗೆಯನ್ನೇ ತೆರೆದರು.

“ಇದು ಎಷ್ಟು ದಿನಕ್ಕಪ್ಪ?” ಎಂದರು.

“ಒಂದು ವರ್ಷಕ್ಕತ್ತೆ. ಆಮೇಲೆ ಮತ್ತೆ ಪರೀಕ್ಷೆ ಮಾಡ್ತಾರೆ.”

ಅತ್ತೆ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು, ನಿಜವಾದ ಕಾಳಜಿಯಿಂದಲೇ ಕೇಳಿದರು: “ಹಂಗಾದ್ರೆ ನಿಂದನ್ನ ಒಂದ್ಸಲ ಕೊಟ್ಟು ಬಿಟ್ಬಿಟ್ರಲ್ಲಪ್ಪಾ, ಆಮೇಲೆ ಯಾರೂ ಬಂದು ನೋಡಲ್ವಾ?”